ಎಡಗಾಲಿನ ಕ್ಲಿಪ್ಪು

ನನ್ನ ಪ್ರಯೋಗಶಾಲೆಯ ಮೇಜಿನ ಮೇಲೆ ಒಂದು ಉಕ್ಕಿನ ಕ್ಲಿಪ್ಪು ಇರುತ್ತದೆ. ಮುಕ್ಕಾಲು ಬಳೆಯ ಆಕಾರ. ಫ್ಯಾನಿನ ಗಾಳಿಗೆ ಕಾಗದಗಳು ಹಾರಬಾರದೆಂದು ಇಟ್ಟಿದ್ದೇನೆ ಎಂದು ಕೇಳಿದವರಿಗೆ ಹೇಳುತ್ತೇನೆ. ನಿಜವೆಂದರೆ ಅದರ ಭಾರಕ್ಕೆ ಒಂದು ಬಸ್ ಟಿಕೀಟೂ ನಿಲ್ಲುವುದಿಲ್ಲ. ಪಕ್ಕದಲ್ಲಿ ಒಂದು ಗಾಜಿನ ಮುಚ್ಚಳವನ್ನೂ ಇಡಬೇಕಾಗುತ್ತದೆ.

ಹೋದ ವಾರ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಅದನ್ನು ಯಾವುದೋ ಉಪಕರಣವೆಂದು ತಿಳಿದು, ಗಾಜಿನ ಪ್ರನಾಳವೊಂದನ್ನು ಅದರೊಳಗೆ ಸಿಕ್ಕಿಸಿ ನಿಲ್ಲಿಸಲು ನೋಡಿದಳು. ಪ್ರನಾಳ ಜಾರಿ ಬಿದ್ದು ಒಡೆಯಿತು. ಅದು ಸೈಕಲ್ ಹೊಡೆಯುವವರು ಪ್ಯಾಂಟಿಗೆ ಹಾಕಿಕೊಳ್ಳುವ ಕ್ಲಿಪ್ಪು ಎಂದು ಹೇಳಿದೆ. ಅವಳು ಒಮ್ಮೆ ನನ್ನ ಸಲ್ವಾರನ್ನು ನೋಡಿದಳು, ಒಮ್ಮೆ ಕ್ಲಿಪ್ಪನ್ನು ನೋಡಿದಳು, ಆಮೇಲೆ ಬಗ್ಗಿ ಗಾಜಿನ ಚೂರುಗಳನ್ನು ಆರಿಸತೊಡಗಿದಳು. ಏನನ್ನೂ ಕೇಳಲಿಲ್ಲ. ಆ ಹುಡುಗಿ ನನಗೆ ಹಿಡಿಸಿದಳು. ಅವಳು ಕೇಳದೆ ಬಿಟ್ಟದ್ದನ್ನು ನಿಮಗೆ ಹೇಳಬೇಕೆನಿಸಿದೆ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ, ಅದೊಂದು ಅನುಕೂಲ.

ಈ ಕ್ಲಿಪ್ಪುಗಳು ಅಂಗಡಿಯಲ್ಲಿ ಜೋಡಿಯಾಗಿಯೇ ಸಿಗುತ್ತವೆ. ಸೈಕಲ್ಲಿಗೆ ಚೈನು ಇರುವುದು ಬಲಗಡೆ ಮಾತ್ರ. ಬಲಗಾಲಿನ ಪ್ಯಾಂಟಿನ ತುದಿ ಚೈನಿಗೆ ಸಿಕ್ಕಿ ಹರಿಯಬಹುದು, ಗ್ರೀಸು ಮೆತ್ತಿಕೊಳ್ಳಬಹುದು, ಕೆಟ್ಟ ಗಳಿಗೆಯಾದರೆ ಮನುಷ್ಯನೇ ಬೀಳಬಹುದು. ಎಡಗಾಲಿಗೆ ಅಂಥ ಭಯವೇನೂ ಇಲ್ಲ. ನಮ್ಮ ಅಪ್ಪ ಇದನ್ನೆಲ್ಲ ಅಬಿಡ್ಸಿನ ಸೈಕಲ್ ಅಂಗಡಿಯವನಿಗೆ ವಿವರಿಸಿ, ಒಂದೇ ಕ್ಲಿಪ್ಪು ಸಾಕೆಂದು ಕೇಳಿದರಂತೆ. ಅಂಗಡಿಯವನು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಜೋಡಿಯನ್ನೇ ಕಾಗದದಲ್ಲಿ ಸುತ್ತಿಕೊಟ್ಟನಂತೆ. ಬಲಗಾಲಿನದು ಅಪ್ಪನ ಜೊತೆ ದಿನಾ ಆಫೀಸಿಗೆ ಹೋಗಿ ಬಂತು. ಎಡಗಾಲಿನದು ಮೇಜಿನ ಡ್ರಾದಲ್ಲಿ, ಸತ್ತ ಸೆಲ್ಲುಗಳು, ಬೀಗ ಕಳೆದುಕೊಂಡ ಚಾವಿಗಳು, ಅಂಗಿಯ ಗುಂಡಿಗಳ ನಡುವೆ ವರ್ಷಗಟ್ಟಲೆ ಮಲಗಿತ್ತು. ಚಿಕ್ಕವಳಿದ್ದಾಗ ನಾನು ಅದನ್ನು ತೋಳಿಗೆ ವಂಕಿ ಮಾಡಿಕೊಂಡು ಆಡಿದ್ದೇನೆ.

ನಮ್ಮ ಮನೆ ನಾಂಪಲ್ಲಿಯಲ್ಲಿ, ಎಕ್ಸಿಬಿಷನ್ ಮೈದಾನದ ಹಿಂದಿನ ಗಲ್ಲಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ಅಪ್ಪ, ಅವ್ವ, ಅಜ್ಜಿ, ನಾನು, ಇಬ್ಬರು ತಮ್ಮಂದಿರು. ಬಾಗಲಕೋಟೆ ಕಡೆಯಿಂದ ಬಂದ ಅಪ್ಪ ಸಿಕಂದರಾಬಾದಿನ ಒಂದು ರೈಲ್ವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ನಾಂಪಲ್ಲಿ ಸ್ಟೇಷನ್ನು ನಮ್ಮ ಮನೆಯಿಂದ ಕೂಗಳತೆ. ಅಲ್ಲಿ ರೈಲು ಹತ್ತಿದರೆ ಇಳಿಯುವುದು ಸಿಕಂದರಾಬಾದಿನಲ್ಲೇ. ರೈಲ್ವೆಯವರಾದ್ದರಿಂದ ಪಾಸೂ ಇತ್ತು. ಇಷ್ಟೆಲ್ಲ ಇದ್ದೂ ಅಪ್ಪ ಸೈಕಲ್ಲಿನಲ್ಲಿ, ಹುಸೇನ್ ಸಾಗರ ಕೆರೆಯ ದಂಡೆಗುಂಟ ಟ್ಯಾಂಕ್ ಬಂಡಿನ ಮೇಲಿಂದ, ಬಿಸಿಲಿರಲಿ ಮಳೆಯಿರಲಿ ಹೋಗುತ್ತಿದ್ದರು. ನೆರೆಯವರು ಕೇಳುತ್ತಿದ್ದರು, ಆಫೀಸಿನವರು ಕೇಳುತ್ತಿದ್ದರು, ಊರಿನಿಂದ ಬಂದ ನೆಂಟರಂತೂ ಬಂದಾಗಲೆಲ್ಲ ಕೇಳುತ್ತಿದ್ದರು. ಎಲ್ಲರಿಗೂ ಅಪ್ಪನ ಉತ್ತರ ಒಂದೇ.

“ಟ್ಯಾಂಕ್ ಬಂಡ್ ಮ್ಯಾಲ ಗಾಳಿ ಛಲೋ ಇರತೈತ್ರಿ.”

ಅದನ್ನು ಕೇಳಿದವರು ಹೌದು ಹೌದು ಎಂದು ಆರೋಗ್ಯದ ವಿಷಯಕ್ಕೆ ಹೊರಳುತ್ತಿದ್ದರು. ಯಾರದೋ ಸಕ್ಕರೆ ಕಾಯಿಲೆ, ಯಾರದೋ ಮಂಡಿನೋವು. ಅಪ್ಪ ಆ ಹೊತ್ತಿಗೆ ಪೇಪರು ಹಿಡಿದಿರುತ್ತಿದ್ದರು.

ನನ್ನನ್ನೂ ಆ ಸೈಕಲ್ಲಿನ ಮೇಲೆ ಬಹಳ ಸಲ ಕರೆದುಕೊಂಡು ಹೋಗಿದ್ದಾರೆ. ಮುಂದಿನ ಅಡ್ಡಕಂಬಿಯ ಮೇಲೆ ಪುಟ್ಟ ಸೀಟೊಂದನ್ನು ಕೂಡಿಸಿದ್ದರು. ಅಲ್ಲಿ ಕೂತರೆ ಅಪ್ಪನ ಗದ್ದ ನನ್ನ ನೆತ್ತಿಯ ಮೇಲಿರುತ್ತಿತ್ತು. ಹತ್ತುವ ಮೊದಲು ಎರಡು ನಿಯಮಗಳನ್ನು ಹೇಳುತ್ತಿದ್ದರು: ಕಾಲು ಅಗಲ ಇಟ್ಟುಕೋ, ಮಾತಾಡಬೇಡ. ಮೊದಲನೆಯದನ್ನು ಒಮ್ಮೆ ಮರೆತೆ. ಚಕ್ರದ ಕಡ್ಡಿಗಳಿಗೆ ಹಿಮ್ಮಡಿ ಸಿಕ್ಕಿದ ಗುರುತು ಇನ್ನೂ ಇದೆ. ಆಗ ಕೂಡ ನಾನು ಅತ್ತೆನೇ ಹೊರತು ಮಾತಾಡಲಿಲ್ಲ. ಮಾತಾಡಿದರೆ ಸೈಕಲ್ ಹೊಡೆಯುವವರ ಗಮನ ತಪ್ಪುತ್ತದೆ ಎಂದು ಅಪ್ಪ ಹೇಳಿದ್ದರು. ಎರಡನೆಯ ನಿಯಮವೂ ಸುರಕ್ಷತೆಯದೇ ಎಂದು ನಾನು ಬಹಳ ವರ್ಷ ನಂಬಿದ್ದೆ.

ಕಾನೂನಿಗೆ ಅಪ್ಪ ಹೆದರುತ್ತಿದ್ದರು, ಅದರ ಜೊತೆ ಸಣ್ಣದಾಗಿ ಆಡುತ್ತಲೂ ಇದ್ದರು. ಸಂಜೆಯಾದ ಮೇಲೆ ದೀಪವಿಲ್ಲದ ಸೈಕಲ್ಲುಗಳನ್ನು ಚೌರಸ್ತಾದಲ್ಲಿ ಪೊಲೀಸರು ಹಿಡಿದು, ಟೈರಿನ ಗಾಳಿ ಬಿಟ್ಟು ಕಳಿಸುವ ಕಾಲವದು. ಅಪ್ಪನ ಡೈನಮೋ ಮಳೆಗಾಲದಲ್ಲಿ ಕೈಕೊಡುತ್ತಿತ್ತು. ಆಗ ಅವರು ಚೌರಸ್ತಾಕ್ಕೆ ಸ್ವಲ್ಪ ಮುಂಚೆ ಇಳಿದು, ಪೊಲೀಸಿನವನ ಎದುರಿಗೇ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದರು. ನಡೆಯುವ ಮನುಷ್ಯನಿಗೆ ದೀಪ ಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ದಾಟಿದ ಮೇಲೆ ಮತ್ತೆ ಹತ್ತುತ್ತಿದ್ದರು. ಪೊಲೀಸಿನವನೂ ನೋಡುತ್ತಿದ್ದ, ಸುಮ್ಮನಿರುತ್ತಿದ್ದ.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮೆಹದಿಪಟ್ಟಣದ ಆಚೆ ಇರುವ ಸರ್ಕಾರಿ ಕಾರ್ಖಾನೆಯೊಂದರ ಪ್ರಯೋಗಶಾಲೆಗೆ ಸೇರಿದೆ. ಎಣ್ಣೆ, ಬಣ್ಣ, ಬಾಯ್ಲರಿನ ನೀರು ಇವನ್ನು ಪರೀಕ್ಷಿಸುವುದು ನನ್ನ ಕೆಲಸ. ಯಾವ ಸೀಸೆಗೂ ಚೀಟಿ ಹಚ್ಚದೆ ನನಗೆ ಸಮಾಧಾನವಿಲ್ಲ, ನೀರಿನ ಸೀಸೆಗೂ ‘ನೀರು’ ಎಂದು ಬರೆದಿಡುತ್ತೇನೆ. ಹೆಂಗಸರೆಲ್ಲ ಬರುತ್ತಿದ್ದದ್ದು ಕಾರ್ಖಾನೆಯ ಲೇಡೀಸ್ ಬಸ್ಸಿನಲ್ಲಿ. ಅದು ಹೊರಡುವುದೂ ನಾಂಪಲ್ಲಿ ಸ್ಟೇಷನ್ನಿನ ಎದುರಿನಿಂದಲೇ. ಮೊದಲ ಕೆಲವು ತಿಂಗಳು ನಾನೂ ಅದರಲ್ಲೇ ಹೋದೆ. ಒಳ್ಳೆಯ ಬಸ್ಸು, ಒಳ್ಳೆಯ ಹೆಂಗಸರು. ಸ್ವೆಟರ್ ಹೆಣೆಯುತ್ತಿದ್ದರು, ಉಪ್ಪಿನಕಾಯಿ ಹಂಚುತ್ತಿದ್ದರು, ಲಕಡಿಕಾಪುಲ್ ಸ್ಟಾಪು ಬರುವುದರೊಳಗೆ ನನ್ನ ಮದುವೆಯ ವಿಚಾರ ತೆಗೆಯುತ್ತಿದ್ದರು. ಲೆಕ್ಕಪತ್ರ ವಿಭಾಗದ ಪದ್ಮಾವತಮ್ಮನವರ ಬಳಿ ಇಬ್ಬರು ಹುಡುಗರಿದ್ದರು: ಒಬ್ಬ ವಿಜಯವಾಡದಲ್ಲಿ, ಒಬ್ಬ ಬ್ಯಾಂಕಿನಲ್ಲಿ. ಅವರ ಜಾತಿ ಬೇರೆ, ಭಾಷೆ ಬೇರೆ ಎಂದು ನಾನು ನೆನಪಿಸಿದರೆ, ಸುಮ್ಮನೆ ಕೇಳಿದರೆ ಏನು ಹೋಗುತ್ತದೆ ಎನ್ನುತ್ತಿದ್ದರು. ಏನು ಹೋಗುತ್ತದೆಂದು ನನಗೆ ಹೇಳಲಾಗುತ್ತಿರಲಿಲ್ಲ.

ನಾನೊಂದು ಲೇಡೀಸ್ ಸೈಕಲ್ಲು ಕೊಂಡೆ. ಚೈನಿನ ಪೂರ್ತಿ ಉದ್ದಕ್ಕೂ ತಗಡಿನ ಕವರಿದ್ದ, ಯಾವ ಬಟ್ಟೆಯೂ ಚೈನಿಗೆ ಸಿಕ್ಕಲಾರದಂಥ ಸೈಕಲ್ಲು.

ಮೊದಲ ದಿನವೇ ಗೇಟಿನಲ್ಲಿ ಹವಾಲ್ದಾರ್ ಯಾದಗಿರಿ ನಿಲ್ಲಿಸಿದರು. ಗೇಟಿನ ಪಕ್ಕದ ಗೋಡೆಗೆ ಸೈಕಲ್ ಸವಾರರಿಗಾಗಿ ಒಂದು ಬೋರ್ಡಿತ್ತು. ಗೇಟು ಬಂದ ಕೂಡಲೇ ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋಗಬೇಕು. ಬ್ರೇಕು, ಬೆಲ್ಲು, ದೀಪ ಸರಿಯಿರಬೇಕು. ಕ್ಯಾರಿಯರಿನ ಮೇಲೆ ಇನ್ನೊಬ್ಬರನ್ನು ಕೂಡಿಸಬಾರದು. ಎಲ್ಲ ಸವಾರರೂ ಕ್ಲಿಪ್ಪು ಹಾಕಿರಬೇಕು. ಬೆಲ್ ಬಾಟಮ್ ಪ್ಯಾಂಟುಗಳು ರಸ್ತೆ ಗುಡಿಸುತ್ತಿದ್ದ ದಿನಗಳಲ್ಲಿ ಬರೆಸಿದ ಬೋರ್ಡಿರಬೇಕು. ಯಾದಗಿರಿಯವರು ಬ್ರೇಕು ಒತ್ತಿ ನೋಡಿದರು, ಬೆಲ್ಲು ಬಾರಿಸಿದರು, ದೀಪವನ್ನು ತಟ್ಟಿದರು. ಆಮೇಲೆ ಕ್ಲಿಪ್ಪು ಎಲ್ಲಿ ಎಂದರು. ಅದು ಪ್ಯಾಂಟು ಹಾಕುವವರಿಗೆ ಎಂದು ನಾನು ಹೇಳಿದೆ. ಅವರು ತಿರುಗಿ ಬೋರ್ಡನ್ನು ಇನ್ನೊಮ್ಮೆ ಓದಿಕೊಂಡರು.

“ಪ್ಯಾಂಟ್‌ವಾಲೋಂ ಕೋ ನಹೀ ಲಿಖಾ, ಅಮ್ಮಾ. ಸೈಕಲ್‌ವಾಲೋಂ ಕೋ ಲಿಖಾ.”

ಪ್ಯಾಂಟಿನವರಿಗೆ ಎಂದು ಬರೆದಿಲ್ಲ, ಸೈಕಲ್ಲಿನವರಿಗೆ ಎಂದು ಬರೆದಿದೆ. ಅದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಬರೆದದ್ದನ್ನು ಬರೆದಂತೆಯೇ ಓದುವ ಮನುಷ್ಯನ ಬಗ್ಗೆ ನನಗೆ ಗೌರವವೂ ಹುಟ್ಟಿತು. ಸೈಕಲ್ಲನ್ನು ಎದುರಿನ ಚಹಾ ಅಂಗಡಿಯಲ್ಲಿ ನಿಲ್ಲಿಸಿ ಒಳಗೆ ಹೋದೆ. ಹಿಂತಿರುಗಿ ನೋಡಿದರೆ ಸೈರನ್ನಿನ ಹೊತ್ತಿಗೆ ಗಂಡಸರ ಸೈಕಲ್ಲುಗಳು ಹೊಳೆಯ ಹಾಗೆ ಒಳಗೆ ಬರುತ್ತಿದ್ದವು. ಒಬ್ಬರ ಕಾಲಿನಲ್ಲೂ ಕ್ಲಿಪ್ಪಿರಲಿಲ್ಲ. ಪ್ಯಾಂಟಿನ ತುದಿಯನ್ನು ಕಾಲುಚೀಲಕ್ಕೆ ತುರುಕಿಕೊಂಡಿದ್ದರು, ಕೆಲವರು ಮಡಚಿದ್ದರು, ಬಹಳ ಜನ ಏನೂ ಮಾಡಿರಲಿಲ್ಲ. ಹೊಳೆಯನ್ನು ನಿಲ್ಲಿಸಿ ಬೋರ್ಡು ತೋರಿಸಲು ಯಾದಗಿರಿಯವರಿಗಾದರೂ ಆಗುವುದು ಹೇಗೆ? ನಾನು ಗದ್ದಲ ಬೇಡವೆಂದು ಸೈರನ್ನಿಗೆ ಮುಂಚೆಯೇ, ಒಬ್ಬಳೇ ಬಂದಿದ್ದೆ. ಒಬ್ಬರೇ ಬಂದವರು ಕಣ್ಣಿಗೆ ಬೀಳುತ್ತಾರೆ.

ಸಂಜೆ ಮನೆಯಲ್ಲಿ ಹೇಳಿದಾಗ ತಮ್ಮಂದಿರು ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. ಎದ್ದು ಹೋಗಿ ಡ್ರಾ ತೆರೆದು ಎಡಗಾಲಿನ ಕ್ಲಿಪ್ಪನ್ನು ತಂದು ಕೊಟ್ಟರು.

“ತಗೋ. ಇದು ನನಗೂ ಬ್ಯಾಡಾಗಿತ್ತು, ನಿನಗೂ ಬ್ಯಾಡ. ಸರಿ ಹೋಗತೈತಿ.”

ಮರುದಿನದಿಂದ ಗೇಟಿಗೆ ಸ್ವಲ್ಪ ಮುಂಚೆ ಇಳಿದು, ಸಲ್ವಾರಿನ ಎಡಗಾಲಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು, ಸೈಕಲ್ಲನ್ನು ತಳ್ಳುತ್ತಾ ಒಳಗೆ ಹೋಗತೊಡಗಿದೆ. ಸ್ಟ್ಯಾಂಡಿನಲ್ಲಿ ಸೈಕಲ್ಲು ನಿಲ್ಲಿಸಿದ ಮೇಲೆ ತೆಗೆಯುತ್ತಿದ್ದೆ. ಅಂದರೆ ರಸ್ತೆಯಲ್ಲಿ ಸವಾರಿ ಮಾಡುವಾಗ ಕ್ಲಿಪ್ಪು ಇರುತ್ತಿರಲಿಲ್ಲ, ನಡೆಯುವಾಗ ಮಾತ್ರ ಇರುತ್ತಿತ್ತು. ಚೌರಸ್ತಾದಲ್ಲಿ ದೀಪವಿಲ್ಲದ ಸೈಕಲ್ಲನ್ನು ತಳ್ಳುತ್ತಿದ್ದ ಅಪ್ಪನ ಮಗಳಿಗೆ ಇದು ವಿಚಿತ್ರವೆನಿಸಲಿಲ್ಲ. ಯಾದಗಿರಿಯವರು ದಿನಾ ಮೊದಲು ನನ್ನ ಕಾಲನ್ನು ನೋಡಿ, ಆಮೇಲೆ ಮುಖ ನೋಡಿ ನಮಸ್ಕಾರ ಮಾಡುತ್ತಿದ್ದರು.

ಇಷ್ಟು ಕಷ್ಟಪಟ್ಟು ಸೈಕಲ್ಲಿನಲ್ಲೇ ಯಾಕೆ ಬರಬೇಕು ಎಂಬುದನ್ನು ಈಗ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಒಬ್ಬರೇ ಇರುವಂಥ ಜಾಗವಿಲ್ಲ. ನಾನು ಅಜ್ಜಿಯ ಪಕ್ಕ ಮಲಗುತ್ತೇನೆ. ಓದುವುದು ತಮ್ಮಂದಿರ ರೇಡಿಯೊದ ಪಕ್ಕ. ಬಚ್ಚಲಲ್ಲಿ ತುಸು ಹೊತ್ತಾದರೆ ಯಾರಾದರೂ ಬಾಗಿಲು ಬಡಿಯುತ್ತಾರೆ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಇಡೀ ದಿನದಲ್ಲಿ ನನ್ನ ಮುಖವನ್ನು ಯಾರೂ ನೋಡದ, ನನ್ನನ್ನು ಯಾರೂ ಏನೂ ಕೇಳದ ಹೊತ್ತು ಎಂದರೆ ನಾಂಪಲ್ಲಿಗೂ ಆ ಗೇಟಿಗೂ ನಡುವಿನ ಅರ್ಧ ತಾಸು. ರಸ್ತೆಯ ತುಂಬ ಜನ ಇರುತ್ತಾರೆ, ನಿಜ. ಆದರೆ ಅವರಿಗೆ ನಾನು ಪಕ್ಕಕ್ಕೆ ಸರಿಯಬೇಕಾದ ಒಂದು ಸೈಕಲ್ಲು ಮಾತ್ರ. ಅದಕ್ಕಿಂತ ಹೆಚ್ಚಿನ ಏಕಾಂತ ನನಗೆ ಗೊತ್ತಿರಲಿಲ್ಲ. ಆ ಅರ್ಧ ತಾಸಿನಲ್ಲಿ ನಾನು ಏನು ಯೋಚಿಸುತ್ತಿದ್ದೆ ಎಂದು ಕೇಳಬೇಡಿ. ಹೆಚ್ಚಾಗಿ ಏನೂ ಇಲ್ಲ.

ಜನವರಿಯಲ್ಲಿ ಆ ಅರ್ಧ ತಾಸಿನ ಬೆಲೆ ಇನ್ನೂ ಏರುತ್ತಿತ್ತು. ಮೈದಾನದಲ್ಲಿ ವರ್ಷದ ಎಕ್ಸಿಬಿಷನ್ ಶುರುವಾದರೆ ನಮ್ಮ ಮನೆ ಛತ್ರ. ಕಲಬುರ್ಗಿಯ ಅತ್ತೆ, ಅವರ ಮಕ್ಕಳು, ಬಾಗಲಕೋಟೆಯಿಂದ ಅವ್ವನ ತಂಗಿ, ಅವರ ಓಣಿಯ ಯಾರೋ ಇಬ್ಬರು. ಹಾಸಿಗೆಗಳು ಬಾಗಿಲಿನಿಂದ ಬಾಗಿಲಿಗೆ ಹಾಸಿರುತ್ತಿದ್ದವು. ಮೈದಾನದ ಧ್ವನಿವರ್ಧಕದಲ್ಲಿ ಕಳೆದುಹೋದ ಮಕ್ಕಳ ಹೆಸರು, ಹಾಕಿಕೊಂಡ ಅಂಗಿಯ ಬಣ್ಣ ಇವುಗಳನ್ನು ಕೂಗಿ ಹೇಳುತ್ತಿದ್ದರು. ಹಾಗೆ ಕಳೆದುಹೋಗಿ ತುಸು ಹೊತ್ತು ಯಾರಿಗೂ ಸಿಗದೆ ಇರುವ ಮಕ್ಕಳ ಬಗ್ಗೆ ನನಗೆ ಒಂದಿಷ್ಟು ಅಸೂಯೆಯಾಗುತ್ತಿತ್ತು. ಅವ್ವ ಮಾತ್ರ ಈ ಗದ್ದಲದಲ್ಲಿ ಮೀನಿನಂತೆ ಓಡಾಡುತ್ತಿದ್ದಳು. ಅವ್ವನಿಗೆ ಮಂದಿ ಬೇಕು, ಮಂದಿಯಿದ್ದರೇ ಅವಳಿಗೆ ಉಸಿರು ಎಂದು ನಾವೆಲ್ಲ ಹೇಳುತ್ತಿದ್ದೆವು. ಅವಳೂ ಇಲ್ಲವೆನ್ನುತ್ತಿರಲಿಲ್ಲ.

ಅಂಥ ಒಂದು ಜನವರಿಯ ಬೆಳಿಗ್ಗೆ, ದಾರಿಯಲ್ಲಿ ಸಿಗುವ ಮಾಸಾಬ್ ಟ್ಯಾಂಕ್ ಬಡಾವಣೆಯ ಇಳಿಜಾರಿನಲ್ಲಿ, ಲಾರಿಯೊಂದು ಪಕ್ಕದಲ್ಲೇ ಹಾದುಹೋಯಿತು. ಅದರ ಗಾಳಿಗೆ ನನ್ನ ದುಪಟ್ಟಾದ ತುದಿ ಹಾರಿ ಹಿಂದಿನ ಚಕ್ರಕ್ಕೆ ಸಿಕ್ಕಿತು. ಕುತ್ತಿಗೆಯನ್ನು ಯಾರೋ ಹಿಂದಿನಿಂದ ಹಿಡಿದು ಎಳೆದಂತಾಯಿತು. ಬಟ್ಟೆ ಹಳೆಯದಾದ್ದರಿಂದ ಹರಿಯಿತು. ಗಟ್ಟಿಯಾಗಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಕಾಲೂರಿ ನಿಂತೆ. ಆಟೋದವನೊಬ್ಬ ಬಂದು ಚಕ್ರವನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ, ಕಡ್ಡಿಗಳಿಂದ ಚಿಂದಿಯನ್ನು ಬಿಡಿಸಿ ಹೋದ. ನಾನು ಉಳಿದರ್ಧವನ್ನು ಹೆಗಲಿಗೆ ಹಾಕಿಕೊಂಡು ಹೋಗಿ, ಗೇಟಿನ ಹತ್ತಿರ ಇಳಿದು, ಎಡಗಾಲಿಗೆ ಕ್ಲಿಪ್ಪು ಹಾಕಿಕೊಂಡೆ. ಯಾದಗಿರಿಯವರು ಕಾಲು ನೋಡಿ ತೃಪ್ತರಾದರು. ಆಮೇಲೆ ಮೇಲೆ ನೋಡಿ, ಇನ್ನರ್ಧ ಎಲ್ಲಿ ಎಂದು ಕೇಳಿದರು. ಮಾಸಾಬ್ ಟ್ಯಾಂಕಿನಲ್ಲಿದೆ ಎಂದೆ.

ನೌಕರರು ಬರುವ ದಾರಿಯಲ್ಲಿ ಏನಾದರೂ ಆದರೆ ಸೇಫ್ಟಿ ಸಾಹೇಬರಿಗೆ ತಿಳಿಸಬೇಕೆಂದು ಇನ್ನೊಂದು ನಿಯಮವಿತ್ತು. ಯಾದಗಿರಿಯವರು ತಿಳಿಸಿದರು.

ಸೇಫ್ಟಿ ಸಾಹೇಬರೆಂದರೆ ದೇಸಾಯಿಯವರು, ಬಿಜಾಪುರದ ಕಡೆಯವರು. ಕಾರ್ಖಾನೆಯಲ್ಲಿ ಎಲ್ಲರ ಜೊತೆ ಹಿಂದಿ, ತೆಲುಗು ಆಡುತ್ತಿದ್ದರು. ನನ್ನನ್ನು ಕಂಡರೆ ಮಾತ್ರ ಕನ್ನಡ. ಬಾಯಿಗೆ ವಿಶ್ರಾಂತಿ ಸಿಕ್ಕಿತು ಎನ್ನುತ್ತಿದ್ದರು. ಅಂದು ನನ್ನನ್ನು ಕರೆಸಿ ಎದುರಿಗೆ ಕೂಡಿಸಿಕೊಂಡರು.

“ನೋಡ್ರಿ ಮೇಡಂ, ಇವತ್ತ ಅರ್ಧಾ ದುಪಟ್ಟಾ ಹೋತು. ನಾಳೆ ಅರ್ಧಾ ಕುತ್ತಿಗಿ ಹೋದ್ರ ನಿಮ್ಮ ಅಪ್ಪಗ ನಾ ಏನ್ ಹೇಳ್ಲಿ? ಬಸ್ಸು ಐತಿ, ಸೀಟು ಐತಿ, ಡ್ರೈವರ್ ಶಾಣ್ಯಾ ಅದಾನ. ಮತ್ತ ಈ ಸೈಕಲ್ ಯಾಕ?”

ಹೆಂಗಸರು ಸೈಕಲ್ಲಿನಲ್ಲಿ ಬರಬಾರದು, ಬಸ್ಸಿನಲ್ಲೇ ಬರಬೇಕು ಎಂದು ಹೊಸ ನಿಯಮ ಮಾಡುವ ವಿಚಾರವಿದೆ, ಮುಂದಿನ ವಾರ ಸುರಕ್ಷತಾ ಸಮಿತಿ ಕೂಡುತ್ತದೆ ಎಂದು ತಿಳಿಸಿದರು. ಅವರ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಕುತ್ತಿಗೆಯ ಮೇಲಿನ ಕೆಂಪು ಗೀರನ್ನು ನೋಡಿ ಅವರಿಗೆ ನಿಜವಾಗಿಯೂ ಭಯವಾಗಿತ್ತು. ಕಾರಣವಿದ್ದರೆ ಬಂದು ಹೇಳಬೇಕು, ಕಾರಣವಿಲ್ಲದೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು.

ಕಾರಣವಿತ್ತು. ಅದನ್ನು ನಾಲ್ಕು ಜನ ಗಂಡಸರ ಎದುರು ನಿಂತು ಹೇಳಬೇಕೆಂದರೆ, ಕಾಪಾಡಿಕೊಳ್ಳಬೇಕಾದದ್ದನ್ನೇ ಮೊದಲು ಅವರ ಕೈಗೆ ಕೊಟ್ಟಂತಾಗುತ್ತಿತ್ತು. ನನಗೆ ಒಬ್ಬಳೇ ಇರಬೇಕೆನಿಸುತ್ತದೆ ಎಂದು ಒಬ್ಬ ಹುಡುಗಿ ಹೇಳಿದರೆ ಜನ ಅಲ್ಲಿಗೆ ಬಿಡುತ್ತಾರೆಯೇ? ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳುತ್ತಾರೆ. ಪದ್ಮಾವತಮ್ಮನವರಾದರೆ ವಿಜಯವಾಡದ ಹುಡುಗನನ್ನು ಮತ್ತೆ ಹೊರತೆಗೆಯುತ್ತಾರೆ.

ಮನೆಯಲ್ಲಿ ಅವ್ವನಿಗೆ ಸುದ್ದಿ ಹಿಡಿಸಿತು. “ಛಲೋ ಆತು ಬಿಡು. ಬಸ್ಸಿನ್ಯಾಗ ನಾಕ ಮಂದಿ ಕೂಡ ಮಾತಾಡ್ಕೋತ ಹೋಗಬಹುದು” ಎಂದಳು. ನನ್ನ ತಕರಾರು ಏನೆಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ನನಗೂ ಹೇಳಲಾಗುತ್ತಿರಲಿಲ್ಲ.

ಆ ಭಾನುವಾರ ಅಪ್ಪ ಗಲ್ಲಿಯಲ್ಲಿ ನನ್ನ ಸೈಕಲ್ಲನ್ನು ತಲೆಕೆಳಗೆ ಮಾಡಿ ನಿಲ್ಲಿಸಿಕೊಂಡು, ಹಿಂದಿನ ಚಕ್ರದ ಎರಡೂ ಬದಿಗೆ ಜಾಲರಿ ಕಟ್ಟುತ್ತಿದ್ದರು. ಸೀಮೆಎಣ್ಣೆಯ ಬಟ್ಟೆ, ತಂತಿ, ಇಕ್ಕಳ ಎಲ್ಲವನ್ನೂ ಹಳೆಯ ಪೇಪರಿನ ಮೇಲೆ ಹರಡಿಕೊಂಡಿದ್ದರು. ಒಳಗೆ ಅತ್ತೆಯ ಮಕ್ಕಳು ಎಕ್ಸಿಬಿಷನ್ನಿನಿಂದ ತಂದ ಪೀಪಿಗಳನ್ನು ಊದುತ್ತಿದ್ದರು. ನಾನು ತಂತಿಯ ತುದಿ ಹಿಡಿದುಕೊಂಡು ನಿಂತಿದ್ದೆ.

“ಏನ್ ಹೇಳ್ತಿ ಅವರಿಗೆ?” ಎಂದರು ಅಪ್ಪ, ಚಕ್ರದಿಂದ ಕಣ್ಣೆತ್ತದೆ.

“ಗೊತ್ತಿಲ್ಲ.”

ಅವರು ಒಂದು ಗಂಟು ಬಿಗಿದರು. “ಗಾಳಿ ಅಂತ ಹೇಳು.”

“ಆ ರಸ್ತೆದಾಗ ಎಲ್ಲಿ ಗಾಳಿ ಐತಿ ಅಪ್ಪಾ?”

“ಟ್ಯಾಂಕ್ ಬಂಡ್ ಮ್ಯಾಲರ ಎಲ್ಲಿ ಐತಿ?” ಎಂದರು. ಚಕ್ರವನ್ನು ಒಮ್ಮೆ ತಿರುಗಿಸಿ, ಅದು ನಿಲ್ಲುವವರೆಗೆ ನೋಡಿದರು. “ಗಾಳಿ ಅಂದ್ರ ಮಂದಿ ಮುಂದ ಕೇಳಂಗಿಲ್ಲ.”

ಆಮೇಲೆ ಇಕ್ಕಳ ಬೇಡಿದರು, ಕೊಟ್ಟೆ. ಅಲ್ಲಿಗೆ ಮಾತು ಮುಗಿಯಿತು. ಬೇಸಿಗೆಯಲ್ಲಿ ಹುಸೇನ್ ಸಾಗರದ ನೀರು ಹೇಗೆ ನಾರುತ್ತದೆಂದು ಈ ಊರಿನಲ್ಲಿ ಗೊತ್ತಿಲ್ಲದವರಿಲ್ಲ. ಅದರ ದಂಡೆಯ ಮೇಲೆ ಗಾಳಿ ಚೆನ್ನಾಗಿರುತ್ತದೆ ಎಂದು ಅಪ್ಪ ಇಷ್ಟು ವರ್ಷ ಹೇಳುತ್ತಾ ಬಂದಿದ್ದರು, ನಾವೆಲ್ಲ ಮೂಗಿದ್ದೂ ನಂಬಿದ್ದೆವು. ರೈಲಿನ ಡಬ್ಬಿಯ ತುಂಬ ಅವರ ಆಫೀಸಿನವರೇ ಇರುತ್ತಿದ್ದರು ಎಂಬುದು ನನಗೆ ಅಂದು ಹೊಳೆಯಿತು. ಅಡ್ಡಕಂಬಿಯ ಮೇಲಿನ ಪುಟ್ಟ ಸೀಟಿನ ಎರಡನೆಯ ನಿಯಮವೂ ನೆನಪಾಯಿತು. ಆದರೆ ಅದರ ಬಗ್ಗೆ ಕೇಳಿದ್ದರೆ ನಿಯಮ ಮುರಿದಂತಾಗುತ್ತಿತ್ತು.

ಸಮಿತಿಯಲ್ಲಿ ದೇಸಾಯಿಯವರಲ್ಲದೆ ಆಡಳಿತ ವಿಭಾಗದವರು ಇಬ್ಬರು, ಕಾರ್ಮಿಕ ಸಂಘದವರು ಒಬ್ಬರು ಇದ್ದರು. ಗೋಡೆಯ ಮೇಲೆ ತಲೆಗೆ ಟೋಪಿ ಹಾಕಿಕೊಂಡು ನಗುತ್ತಿರುವ ಕಾರ್ಮಿಕನ ಚಿತ್ರ. ಬಸ್ಸಿರುವಾಗ ಸೈಕಲ್ಲು ಯಾಕೆ ಎಂದು ಕೇಳಿದರು. ಗಾಳಿ ಎಂದೆ. ಸಂಘದವರು ನಕ್ಕು, ಆ ರಸ್ತೆಯಲ್ಲಿ ಲಾರಿಗಳ ಹೊಗೆ ಬಿಟ್ಟರೆ ಇನ್ಯಾವ ಗಾಳಿಯಿದೆ ಎಂದು ಹಿಂದಿಯಲ್ಲಿ ಕೇಳಿದರು. ಬೆಳಗಿನ ಹೊತ್ತು ಹೊಗೆ ಸ್ವಲ್ಪ ಕಡಿಮೆ ಇರುತ್ತದೆ ಎಂದೆ. ಅಳತೆಯಿಲ್ಲದ ಇಂಥ ಮಾತನ್ನು ಯಾರಾದರೂ ನನ್ನ ಪ್ರಯೋಗಶಾಲೆಗೆ ತಂದಿದ್ದರೆ ಬಾಗಿಲಿನಿಂದಲೇ ಕಳಿಸುತ್ತಿದ್ದೆ. ಚಕ್ರಕ್ಕೆ ಜಾಲರಿ ಕಟ್ಟಿಸಿದ್ದೇನೆ, ದುಪಟ್ಟಾವನ್ನು ಇನ್ನು ಸೊಂಟಕ್ಕೆ ಬಿಗಿದುಕೊಂಡು ಬರುತ್ತೇನೆ ಎಂದೂ ಹೇಳಿದೆ. ಅದಕ್ಕಿಂತ ಹೆಚ್ಚು ನನ್ನ ಬಳಿ ಏನೂ ಇರಲಿಲ್ಲ. ಆಡಳಿತದವರೊಬ್ಬರು ಕಾಗದವನ್ನು ಮುಂದಕ್ಕೆಳೆದುಕೊಂಡು ಪೆನ್ನಿನ ಟೋಪಿ ತೆಗೆದರು. ನನ್ನ ಅರ್ಧ ತಾಸು ಆ ಪೆನ್ನಿನ ತುದಿಯಲ್ಲಿದೆ ಎಂದು ನನಗೆ ಗೊತ್ತಿತ್ತು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲವೆಂದುಕೊಂಡಿದ್ದೇನೆ.

ದೇಸಾಯಿಯವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಯಾದಗಿರಿಯವರನ್ನು ಕರೆಸಿ, ಹೊಸ ನಿಯಮದ ಮಾತು ಹಾಗಿರಲಿ, ಈಗಿರುವ ನಿಯಮಗಳನ್ನು ಎಷ್ಟು ಜನ ಪಾಲಿಸುತ್ತಾರೆ ಎಂದು ವಿಚಾರಿಸಿದರು. ಯಾದಗಿರಿಯವರು ನೆಟ್ಟಗೆ ನಿಂತರು.

“ಸಾಬ್, ಕ್ಲಿಪ್ ತೋ ರೋಜ್ ಏಕ್ ಹೀ ಆತಾ. ಅಮ್ಮಾ ಕಾ.”

ದಿನವೂ ಗೇಟಿಗೆ ಬರುವುದು ಒಂದೇ ಕ್ಲಿಪ್ಪು, ಅದು ಈ ಅಮ್ಮನದು. ಎಲ್ಲರೂ ಒಮ್ಮೆ ಮೇಜಿನ ಕೆಳಗೆ ನೋಡಿದರು. ಸಂಘದವರು ದಿನಾ ಸೈಕಲ್ಲಿನಲ್ಲೇ ಬರುವವರು. ಕಾಲುಚೀಲದೊಳಗೆ ತುರುಕಿದ್ದ ಪ್ಯಾಂಟನ್ನು ಅವರಿನ್ನೂ ಹೊರಗೆ ತೆಗೆದಿರಲಿಲ್ಲ. ಬಲಗಾಲನ್ನು ನಿಧಾನವಾಗಿ ಕುರ್ಚಿಯ ಹಿಂದಕ್ಕೆ ಸರಿಸಿಕೊಂಡರು. ದೇಸಾಯಿಯವರು ಮೊದಲು ಸಮಿತಿಯವರಿಗೆ ಹಿಂದಿಯಲ್ಲಿ ಹೇಳಿದರು. ಅದನ್ನೇ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಾಗ ಅವರ ಬಾಯಿಗೆ ವಿಶ್ರಾಂತಿ ಸಿಕ್ಕಂತೆ ಕಂಡಿತು.

“ಇಷ್ಟ್ ಮಂದ್ಯಾಗ ಆ ಬೋರ್ಡ್ ಓದಿ ನಡಕೊಂಡವ್ರು ನೀವ್ ಒಬ್ಬರ. ನಿಮಗ ಬರಬ್ಯಾಡ ಅಂದ್ರ, ಬೋರ್ಡ್ ಯಾರಿಗಂತ ಇಟ್ಕೊಳ್ಲಿ?”

ಆಡಳಿತದವರು ಪೆನ್ನಿಗೆ ಟೋಪಿ ಹಾಕಿದರು. ಸೈಕಲ್ಲಿನಲ್ಲಿ ಬರುವವರೆಲ್ಲ, ಗಂಡಸರಾಗಲಿ ಹೆಂಗಸರಾಗಲಿ, ಚಕ್ರಕ್ಕೆ ಸಿಕ್ಕಬಹುದಾದ ಬಟ್ಟೆಯನ್ನು ಬಿಗಿದುಕೊಂಡಿರಬೇಕು, ಲೇಡೀಸ್ ಸೈಕಲ್ಲಿನ ಹಿಂಚಕ್ರಕ್ಕೆ ಜಾಲರಿಯಿರಬೇಕು ಎಂದು ತೀರ್ಮಾನವಾಯಿತು. ಬಸ್ಸು ಬೇಕಾದವರಿಗೆ. ನಾನು ಎದ್ದು ಬಾಗಿಲಿನ ಹತ್ತಿರ ಹೋದಾಗ ದೇಸಾಯಿಯವರು ಹಿಂದಿನಿಂದ ಹೇಳಿದರು: “ಕಾರಣ ಗಾಳಿ ಅಂತ ಬರಕೋತೀನಿ. ನಂಬೀನಿ ಅಂತ ತಿಳಕೋಬ್ಯಾಡ್ರಿ.” ಅವರೂ ಮುಂದೆ ಕೇಳಲಿಲ್ಲ. ಅಪ್ಪ ಹೇಳಿದ್ದು ನಿಜವಾಯಿತು.

ಬೋರ್ಡು ಬರೆಯುವವನಿಗೆ ಎರಡು ಸಾಲು ಸೇರಿಸಲು ಹೇಳಿದರೇ ಹೊರತು ಹಳೆಯದನ್ನು ಅಳಿಸಲು ಯಾರೂ ಹೇಳಲಿಲ್ಲ. ಹಾಗಾಗಿ ಕ್ಲಿಪ್ಪಿನ ಸಾಲು ಇನ್ನೂ ಅಲ್ಲೇ ಇದೆ. ಯಾದಗಿರಿಯವರು ಈಗ ಮೊದಲು ಸೊಂಟದ ಗಂಟು ನೋಡುತ್ತಾರೆ, ಆಮೇಲೆ ಜಾಲರಿ, ಆಮೇಲೆ ಎಡಗಾಲು, ಕೊನೆಗೆ ಮುಖ. ಕ್ಲಿಪ್ಪು ಪ್ರಯೋಗಶಾಲೆಯ ಮೇಜಿಗೆ ಬರುವುದು ಅದಾದ ಮೇಲೆಯೇ. ಸಂಜೆ ಅದು ನನ್ನ ಜೊತೆ ಮನೆಗೆ ಹೋಗುತ್ತದೆ.

ಅಪ್ಪ ಹೋದ ವರ್ಷ ನಿವೃತ್ತರಾದರು. ಸಿಕಂದರಾಬಾದಿಗೆ ಹೋಗುವ ಕೆಲಸವೇನೂ ಈಗಿಲ್ಲ. ಆದರೂ ಬೆಳಿಗ್ಗೆ ಬಲಗಾಲಿಗೆ ಕ್ಲಿಪ್ಪು ಹಾಕಿಕೊಂಡು ಟ್ಯಾಂಕ್ ಬಂಡಿನ ಕಡೆ ಹೋಗಿ ಬರುತ್ತಾರೆ. ಭಾನುವಾರ ನಾನೂ ಹೊರಡುತ್ತೇನೆ. ಅಬಿಡ್ಸಿನ ಮುಚ್ಚಿದ ಅಂಗಡಿಗಳ ಮುಂದೆ, ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳನ್ನು ಹರಡುವ ಮೊದಲೇ ಅಲ್ಲಿ ಒಂದು ಸುತ್ತು ಹಾಕುವುದು ನನ್ನ ರೂಢಿ. ಇಬ್ಬರೂ ಒಬ್ಬೊಬ್ಬರೇ ಯಾಕೆ ಹೋಗಬೇಕು, ಕೂಡಿ ಹೋಗಿರಿ ಎಂದು ಅವ್ವನ ಒತ್ತಾಯ. ಹೊರಡಿಸುವುದರಲ್ಲಿ ಅವಳಿಗೆ ಎಲ್ಲಿಲ್ಲದ ಅವಸರ. ಅಷ್ಟು ಹೊತ್ತಿಗೆ ಅಜ್ಜಿ ಮಠಕ್ಕೆ, ತಮ್ಮಂದಿರು ಕ್ರಿಕೆಟ್ಟಿಗೆ ಹೋಗಿರುತ್ತಾರೆ. ಅವಳ ಮಾತು ಮೀರಬಾರದೆಂದು ಗಲ್ಲಿಯ ತಿರುವಿನವರೆಗೆ ಕೂಡಿ ಹೋಗುತ್ತೇವೆ. ಅಲ್ಲಿ ಅಪ್ಪ ಒಂದು ಸಲ ಬೆಲ್ಲು ಹೊಡೆದು ಒಂದು ಕಡೆ ತಿರುಗುತ್ತಾರೆ, ನಾನು ಇನ್ನೊಂದು ಕಡೆ.

ಮೊನ್ನೆ ಭಾನುವಾರ ತಿರುವು ದಾಟಿದ ಮೇಲೆ ಕ್ಲಿಪ್ಪು ಜೊತೆಗಿಲ್ಲದೆ ಏನೋ ಖಾಲಿ ಎನಿಸಿತು. ಭಾನುವಾರ ಗೇಟಿಲ್ಲ, ಯಾದಗಿರಿಯವರಿಲ್ಲ, ಕ್ಲಿಪ್ಪಿನ ಅಗತ್ಯವಂತೂ ಎಂದೂ ಇರಲಿಲ್ಲ. ಆದರೂ ಹಿಂತಿರುಗಿ ಮನೆಗೆ ಹೋದೆ. ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ನಮ್ಮ ಮನೆಯ ಬಾಗಿಲಿಗೆ ಹಗಲು ಹೊತ್ತಿನಲ್ಲಿ ಅಗಳಿ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಬಡಿದೆ. ತಡವಾಗಿ ಅವ್ವ ಅರ್ಧ ಬಾಗಿಲು ತೆರೆದಳು. ಕೂದಲು ಬಿಚ್ಚಿಕೊಂಡಿದ್ದಳು. ಅವಳ ಹಿಂದೆ ಸ್ಟವ್ವು ಆರಿತ್ತು, ರೇಡಿಯೊ ಸುಮ್ಮನಿತ್ತು. ಕಿಟಕಿಯ ಹತ್ತಿರ ಅಪ್ಪನ ಕುರ್ಚಿ, ಅದರ ಪಕ್ಕ ನೆಲದ ಮೇಲೆ ಒಂದೇ ಒಂದು ಕಪ್ಪಿನಲ್ಲಿ ಚಹಾ. ಹೆಣಿಗೆಯಿಲ್ಲ, ಆರಿಸುವ ಅಕ್ಕಿಯಿಲ್ಲ, ಏನೂ ಇಲ್ಲ.

“ಏನು?” ಎಂದಳು.

“ಕ್ಲಿಪ್ಪು.”

ಅವಳೇ ಒಳಗೆ ಹೋಗಿ ತಂದು, ಬಾಗಿಲ ಸಂದಿಯಿಂದ ಕೈಗಿಟ್ಟಳು. ನಾನು ಒಳಗೆ ಕಾಲಿಡುವಷ್ಟು ಜಾಗ ಅವಳು ಬಿಟ್ಟಿರಲಿಲ್ಲ.

“ಹೊರಗ ಗಾಳಿ ಛಲೋ ಐತಿ, ಅಡ್ಡಾಡಿ ಬಾ. ಲಗೂ ಬರಬ್ಯಾಡ.”

ಅಗಳಿ ಬಿದ್ದ ಸದ್ದು ಕೇಳಿಸಿತು. ಎಡಗಾಲಿಗೆ ಕ್ಲಿಪ್ಪು ಹಾಕಿಕೊಂಡು, ತಿರುವಿನವರೆಗೂ ಸೈಕಲ್ಲನ್ನು ತಳ್ಳಿಕೊಂಡೇ ಹೋದೆ. ಬೆಲ್ಲು ಹೊಡೆಯಲಿಲ್ಲ.